ಬರಿ ನೀರಿನ ಪರೀಕ್ಷೆ

ಬರಿ ನೀರು ಕೆಂಪಾಗಬಾರದಿತ್ತು. ಚಂದ್ರಕಲಾ ಗಾಜಿನ ಫ್ಲಾಸ್ಕನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು, ಕೆಳಗಿಳಿಸಿ ಬಿಳಿ ಹಾಳೆಯ ಮೇಲಿಟ್ಟು ಮತ್ತೊಮ್ಮೆ ನೋಡಿದಳು. ಬೀಟ್‌ರೂಟ್ ತೊಳೆದ ನೀರಿನಂಥ ಕೆಂಪು. ಅದರಲ್ಲಿ ಮಕ್ಕಳ ಹಾಲಿನ ಪುಡಿಯ ಬೂದಿ ಇರಲಿಲ್ಲ, ಸುಣ್ಣದ ಕಲ್ಲಿನ ಚೂರೂ ಇರಲಿಲ್ಲ. ಕ್ಯಾನಿನಿಂದ ಹಿಡಿದ ಇಪ್ಪತ್ತೈದು ಮಿಲಿಲೀಟರ್ ಡಿಸ್ಟಿಲ್ಡ್ ನೀರು, ಸ್ವಲ್ಪ ಕ್ಷಾರ, ಚಿಟಿಕೆಯಷ್ಟು ಬಣ್ಣದ ಪುಡಿ, ಅಷ್ಟೇ. ಕ್ಯಾಲ್ಸಿಯಂ ಇಲ್ಲದ ನೀರಿನಲ್ಲಿ ಆ ಪುಡಿ ಬಿದ್ದ ಕೂಡಲೇ ನೀಲಿಯಾಗಬೇಕು. ಕ್ಯಾಲ್ಸಿಯಂ ಇದ್ದರೆ ಕೆಂಪಾಗುತ್ತದೆ, ಆಮೇಲೆ ಬ್ಯುರೆಟ್ಟಿನಿಂದ ಹನಿಹನಿಯಾಗಿ ದ್ರಾವಣ ಬಿಟ್ಟು ಅದು ನೀಲಿಗೆ ತಿರುಗುವವರೆಗೆ ಎಷ್ಟು ಹಿಡಿಯಿತೆಂದು ನೋಡಬೇಕು. ಅವಳು ಬ್ಯುರೆಟ್ಟಿನ ಕಿವಿ ತಿರುಗಿಸಿದಳು. ಎರಡೂವರೆ ದಾಟಿ ಎರಡು ಪಾಯಿಂಟ್ ಆರು ಮಿಲಿಲೀಟರಿಗೆ ನೀಲಿ ಬಂತು. ಸ್ಟೇಶನ್ನಿನ ಕಡೆಯಿಂದ ಗೂಡ್ಸ್ ಗಾಡಿಯ ಸದ್ದು ಬಂದು ಬೆಂಚಿನ ಮೇಲಿನ ಗಾಜುಗಳೆಲ್ಲ ಸಣ್ಣಗೆ ನಡುಗಿದವು. ಗಾಡಿ ಹೋಗುವವರೆಗೆ ಕಾದು ಇನ್ನೊಂದು ಸಲ ಮಾಡಿದಳು. ಮತ್ತೆ ಎರಡು ಪಾಯಿಂಟ್ ಆರು.

ಗುರುವಾರ ಲ್ಯಾಬಿನ ಮಾನ್ಯತೆ ಪರಿಶೀಲಿಸುವ ಆಡಿಟ್‌ನವರು ಬರುವವರಿದ್ದರು. ಅದಕ್ಕೆಂದು ಹಳೆಯ ಹಾಳೆಗಳನ್ನೆಲ್ಲ ತೆಗೆದು ಖಾಲಿ ಬಿಟ್ಟ ಜಾಗ ತುಂಬುತ್ತ ಕುಳಿತಿದ್ದವಳಿಗೆ ಹೋದ ಮಂಗಳವಾರದ ಹಾಳೆಯಲ್ಲಿ ಬ್ಲ್ಯಾಂಕ್ ಎಂಬ ಕಾಲಮ್ಮಿನಡಿ ತನ್ನದೇ ದುಂಡಗಿನ ಅಕ್ಷರದಲ್ಲಿ 0.05 ಎಂದು ಬರೆದದ್ದು ಕಂಡಿತ್ತು. ಬರಿ ನೀರಿನ ಪರೀಕ್ಷೆಗೆ ಲ್ಯಾಬಿನಲ್ಲಿ ಬ್ಲ್ಯಾಂಕ್ ಎನ್ನುತ್ತಾರೆ. ಮಂಗಳವಾರ ಅದನ್ನು ಯಾವಾಗ ಮಾಡಿದ್ದೆ ಎಂದು ನೆನಪಿಸಿಕೊಳ್ಳಲು ಹೋದಳು. ಹಾಲಿನ ಪುಡಿ ತೂಗಿದ್ದು ನೆನಪಿತ್ತು, ಅದನ್ನು ಭಟ್ಟಿಯಲ್ಲಿ ಸುಟ್ಟು ಬೂದಿ ಮಾಡಿದ್ದು, ಬೂದಿಯನ್ನು ಆ್ಯಸಿಡ್ಡಿನಲ್ಲಿ ಕರಗಿಸಿ ನೂರು ಮಿಲಿಲೀಟರಿಗೆ ನೀರು ತುಂಬಿದ್ದು ನೆನಪಿತ್ತು. ಬ್ಲ್ಯಾಂಕ್ ನೆನಪಿರಲಿಲ್ಲ, ಯಾಕೆಂದರೆ ಮಾಡಿರಲಿಲ್ಲ. ಸಿಮೆಂಟ್ ಕಾರ್ಖಾನೆಯ ಲ್ಯಾಬಿನಲ್ಲಿ ಹದಿನಾಲ್ಕು ವರ್ಷ ಗುತ್ತಿಗೆಯ ಮೇಲೆ ದುಡಿದಾಗ ಅವಳು ದಿನಕ್ಕೆ ನಲವತ್ತು ಸಲ ಸುಣ್ಣದ ಕಲ್ಲು ನೋಡುತ್ತಿದ್ದಳು. ಅಲ್ಲಿ ಕಲ್ಲಿಗೆ ಕಲ್ಲೇ ಅರ್ಧ ಸುಣ್ಣ. ನೀರಿನಲ್ಲಿ ಒಂದು ಹನಿ ಹೆಚ್ಚು ಕಡಿಮೆಯಾದರೆ ಯಾರ ಗಂಟೂ ಹೋಗುತ್ತಿರಲಿಲ್ಲ. ಶಿಫ್ಟ್ ಶುರುವಾಗುವ ಮೊದಲೇ ಆ ಕಾಲಮ್ಮಿನ ಉದ್ದಕ್ಕೂ 0.05, 0.05 ಎಂದು ಎಲ್ಲರೂ ತುಂಬಿಡುತ್ತಿದ್ದರು. ಅಂಗಳಕ್ಕೆ ನೀರು ಹೊಡೆಯುವ ಹಾಗೆ ಅದೂ ಒಂದು ಬೆಳಗಿನ ಕೆಲಸ. ಕಾರ್ಖಾನೆ ಬಿಟ್ಟು ಅಶೋಕಕುಮಾರರ ಈ ಖಾಸಗಿ ಲ್ಯಾಬಿಗೆ ಬಂದು ಆರು ವರ್ಷವಾಗಿತ್ತು. ಕೈ ಮಾತ್ರ ಇನ್ನೂ ಅಲ್ಲಿಯದೇ ಇತ್ತು. ಇಲ್ಲಿಯ ಗಿರಾಕಿಗಳು ಬೆನ್ನ ಹಿಂದೆ ಅವಳನ್ನು ಸುಣ್ಣದ ಮೇಡಂ ಎನ್ನುತ್ತಿದ್ದರು. ಅದು ಅವಳ ಕಿವಿಗೂ ಬಿದ್ದಿತ್ತು. ಎಂ.ಎಸ್ಸಿ. ಓದದವಳು, ಆಹಾರದ ಪರೀಕ್ಷೆಗೆ ಕೈ ಹಾಕಿದ್ದಾಳೆ ಎನ್ನುವುದು ಅದರೊಳಗಿನ ಮಾತು.

ಅವಳು ಪೆನ್ಸಿಲ್ ತೆಗೆದುಕೊಂಡಳು. ಮಂಗಳವಾರದ ಹಾಲಿನ ಪುಡಿಗೆ ಹದಿಮೂರು ಮಿಲಿಲೀಟರ್ ಹಿಡಿದಿತ್ತು. ಅದರಲ್ಲಿ 0.05 ಕಳೆದು ಲೆಕ್ಕ ಹಾಕಿ, ನೂರು ಗ್ರಾಂ ಪುಡಿಗೆ ನಾನೂರ ಹದಿನೈದು ಮಿಲಿಗ್ರಾಂ ಕ್ಯಾಲ್ಸಿಯಂ ಎಂದು ಬರೆದು, ಡಬ್ಬಿಯ ಮೇಲಿನ ನಾನೂರ ಇಪ್ಪತ್ತಕ್ಕೆ ಅದು ಹೊಂದುತ್ತದೆ ಎಂದು ಸರ್ಟಿಫಿಕೇಟ್ ಕೊಟ್ಟಿದ್ದಳು. ಈಗ ಎರಡು ಪಾಯಿಂಟ್ ಆರು ಕಳೆದಳು. ಮುನ್ನೂರ ಮೂವತ್ಮೂರು. ಉಳಿದದ್ದು ಪುಡಿಯದಲ್ಲ, ವಾಡಿ ಊರಿನ ನೀರಿನದು. ಸರ್ಟಿಫಿಕೇಟಿನ ಕೆಳಗೆ ಅಧಿಕೃತ ಸಹಿ ಎಂದು ಅಚ್ಚಾದ ಗೆರೆಯ ಮೇಲೆ ಅವಳ ಹೆಸರಿತ್ತು. ಆ ಗೆರೆಗೆ ಬರಲು ಇಪ್ಪತ್ತು ವರ್ಷ ಹಿಡಿದಿತ್ತು. ಬಂದು ಆರು ತಿಂಗಳಾಗಿತ್ತು. ಮೊದಲ ಸರ್ಟಿಫಿಕೇಟಿನ ಫೋಟೋ ತೆಗೆದು ಗಂಡ ಅಂಬರೇಶ ಸಿಮೆಂಟ್ ಕಾರ್ಖಾನೆಯ ತನ್ನ ಪ್ಯಾಕಿಂಗ್ ಸೆಕ್ಷನ್ನಿನವರಿಗೆಲ್ಲ ತೋರಿಸಿದ್ದ. ಅವರಲ್ಲೊಬ್ಬ, ‘ವೈನಿ ಸಹಿ ಭಾಳ ಛಲೋ ಅದ, ಬ್ಯಾಂಕಿನಾಗ ನಡೀತದೇನು?’ ಎಂದನಂತೆ. ಅಂಬರೇಶ ನಗುತ್ತ ಹೇಳಿದ್ದ, ಅವಳೂ ನಕ್ಕಿದ್ದಳು.

ರಶೀದಾಬೇಗಂ ಮೂಲೆಯ ಸಿಂಕಿನಲ್ಲಿ ಪಿಪೆಟ್ಟು ತೊಳೆಯುತ್ತಿದ್ದಳು. ಲ್ಯಾಬಿನ ಗಾಜೆಲ್ಲ ಅವಳ ಕೈಯಲ್ಲಿ; ನೀರು ತುಂಬುವವಳೂ ಅವಳೇ. ಚಂದ್ರಕಲಾ ಸಿಟ್ಟಿಲ್ಲದ ದನಿಯಲ್ಲಿ ಕೇಳಬೇಕೆಂದುಕೊಂಡಳು, ಆದರೆ ದನಿ ಬೇರೆಯೇ ಬಂತು.

‘ರಶೀದಾ, ಈ ಕ್ಯಾನಿಗಿ ಯಾವ ನೀರು ತುಂಬೀದಿ?’

‘ಫಿಲ್ಟರಿಂದು ಮೇಡಂ. ಹೋದ ಸೋಮವಾರ. ಡಿಸ್ಟಿಲ್ಡ್ ನೀರಿನ ಮಶೀನ್ ಕಾಯಿಲ್ ಸುಟ್ಟು ಬಂದ್ ಬಿದ್ದಿತ್ತಲ್ರಿ.’

‘ಕುಡಿಯೂ ಫಿಲ್ಟರಿಂದ? ಡಿಸ್ಟಿಲ್ಡ್ ಕ್ಯಾನಿಗಿ?’

‘ನಿಮಗ ಕೇಳೇ ತುಂಬೀನ್ರಿ.’ ರಶೀದಾ ನಲ್ಲಿ ಬಂದ್ ಮಾಡಿ ತಿರುಗಿದಳು. ‘ನೀವು ಫೋನಿನಾಗ ಇದ್ರಿ. ಮೇಡಂ, ಮಶೀನ್ ಬಂದ್ ಅದ, ಫಿಲ್ಟರ್ ನೀರು ತುಂಬ್ಲಾ ಅಂದೆ. ನೀವು ಹ್ಞೂಂ ಅಂದ್ರಿ.’

‘ನಾನ?’

‘ಇಲ್ಲಾಂದ್ರ ನಾ ಯಾಕ ತುಂಬ್ಲಿ? ಕ್ಯಾನ್ ಖಾಲಿ ಇದ್ರ ಬೈಸ್ಕೊಳ್ಳಾಕಿ ನಾನು, ತುಂಬಿದ್ರ ಬೈಸ್ಕೊಳ್ಳಾಕೀನೂ ನಾನಽ? ಛಂದ ಅದ ಮೇಡಂ ನಿಮ್ಮ ಕಾಯ್ದೆ.’

ಆ ಹ್ಞೂಂ ನೆನಪಾಗಲಿಲ್ಲ. ಫೋನು ನೆನಪಾಯಿತು. ಶಹಾಬಾದಿನ ಐ.ಟಿ.ಐ.ನಿಂದ ಮಗ ಚೌಡೇಶ ಮಾಡಿದ್ದ, ಬೂಟಿನ ವಿಷಯ. ಮಗನ ಮಾತಿಗೆ ಹ್ಞೂಂ ಎಂದಿದ್ದೆನೋ, ರಶೀದಾಳ ಮಾತಿಗೆ ಎಂದಿದ್ದೆನೋ, ಅಥವಾ ಒಂದೇ ಹ್ಞೂಂ ಇಬ್ಬರಿಗೂ ಸಂದಿತ್ತೋ. ಅವಳು ಪರ್ಸಿನಿಂದ ನೋಟು ತೆಗೆದು ರಶೀದಾಳ ಕೈಗೆ ಕೊಟ್ಟು, ಸ್ಟೇಶನ್ ಎದುರಿನ ಬ್ಯಾಟರಿ ಅಂಗಡಿಯಿಂದ ಬ್ಯಾಟರಿಗೆ ಹಾಕುವ ನೀರಿನ ಐದು ಲೀಟರ್ ಕ್ಯಾನು ತರಲು ಕಳಿಸಿದಳು. ಟ್ರ್ಯಾಕ್ಟರಿನವರು ಕೊಳ್ಳುವ ನೀರು ಅದು. ಅದನ್ನು ಫ್ಲಾಸ್ಕಿಗೆ ಹಿಡಿದು ಪುಡಿ ಹಾಕಿದಾಗ ಒಂದು ಹನಿಯನ್ನೂ ಬೇಡದೆ ನೀಲಿಯಾಯಿತು. ಎಂಟು ಸಾವಿರದ ಭಟ್ಟಿ, ಲಕ್ಷದ ತಕ್ಕಡಿ ಇಟ್ಟುಕೊಂಡು ಕುಳಿತ ತನಗಿಂತ ಬ್ಯಾಟರಿ ಅಂಗಡಿಯವನ ನೀರು ಪ್ರಾಮಾಣಿಕವಾಗಿತ್ತು ಎಂದು ಅನ್ನಿಸಿತು. ಮುಜುಗರವೂ ಆಯಿತು. ಕಪಾಟಿನಲ್ಲಿ ಅದೇ ಬ್ಯಾಚಿನ ಒಂದು ಮೊಹರು ಮಾಡಿದ ಡಬ್ಬಿ ಉಳಿದಿತ್ತು. ಅದನ್ನು ಒಡೆದು ಐದೈದು ಗ್ರಾಂ ತೂಗಿ, ಎರಡು ಮೂಸೆಗಳಿಗೆ ಹಾಕಿ ಭಟ್ಟಿಯಲ್ಲಿಟ್ಟಳು. ಬಿಳಿ ಬೂದಿಯಾಗಲು ಮಧ್ಯಾಹ್ನ ಮೂರು ಆಗಬೇಕು. ಪುಡಿಯ ವಾಸನೆ ಬೆರಳಿಗೆ ಹತ್ತಿತ್ತು, ಸಿಹಿ, ಸ್ವಲ್ಪ ಹಸಿ. ಸಾಬೂನು ಹಚ್ಚಿ ಮೂರು ಸಲ ತೊಳೆದಳು. ಕೈ ಮೂಸಿ ನೋಡಿಕೊಳ್ಳುವ ಚಟ ಅವಳಿಗೆ ಸೇಡಂನ ಶಾಲೆಯಿಂದಲೇ ಬಂದದ್ದು. ಅಪ್ಪ ಜಟ್ಟೆಪ್ಪ ಕಾಗಿಣಾ ಹೊಳೆಯಲ್ಲಿ ಬಲೆ ಹಾಕುತ್ತಿದ್ದ, ಮುಂಜಾನೆ ಮೀನು ಆರಿಸಿ ಕೊಟ್ಟು ಅವಳು ಶಾಲೆಗೆ ಓಡುತ್ತಿದ್ದಳು. ಬೆಂಚಿನ ಹುಡುಗಿಯರು ಏನೂ ಅನ್ನುತ್ತಿರಲಿಲ್ಲ, ಸ್ವಲ್ಪ ಸರಿದು ಕೂರುತ್ತಿದ್ದರು, ಅಷ್ಟೇ. ಏನಾದರೂ ಅಂದಿದ್ದರೆ ತಿರುಗಿ ಜಗಳವಾಡಬಹುದಿತ್ತು.

ಅಶೋಕಕುಮಾರ ಹನ್ನೊಂದಕ್ಕೆ ಬಂದರು. ಹಣೆಯ ಮೇಲೆ ವಿಭೂತಿ ಇನ್ನೂ ಹಸಿಯಾಗಿತ್ತು. ನೆಲಕ್ಕೆ ಹಾಸುವ ಫರಸಿಕಲ್ಲಿನ ಅಪ್ಪನ ಗಣಿ ಮಾರಿ ಈ ಲ್ಯಾಬು ತೆಗೆದವರು. ಕೆಟ್ಟವರಲ್ಲ, ಸಂಬಳ ತಡ ಮಾಡಿದವರಲ್ಲ, ಎಂದೂ ದನಿ ಎತ್ತರಿಸಿ ಮಾತಾಡಿದವರಲ್ಲ. ಅವಳು ಹಾಳೆಗಳನ್ನು ಮುಂದಿಟ್ಟು ಎಲ್ಲ ಹೇಳಿದಳು. 0.05ರ ವಿಷಯ ಬಂದಾಗ ಮಾತ್ರ, ‘ಬ್ಲ್ಯಾಂಕ್ ಸರಿಯಾಗಿ ಆಗಿರಲಿಲ್ಲ’ ಎಂದಳು. ಹೇಳಿದ ಮೇಲೆ ಆ ಮಾತು ತನಗೇ ಕೇಳಿಸಿತು.

‘ಕುಂದ್ರಿ ಮೇಡಂ. ನಿಂತು ಹೇಳೂ ವಿಷಯಲ್ಲ ಇದು.’ ಅವರು ಕನ್ನಡಕ ತೆಗೆದು ಒರೆಸಿದರು. ‘ಈ ಮುನ್ನೂರ ಮೂವತ್ಮೂರಕ್ಕ ಕೂಸುಗೋಳು ಸಾಯ್ತಾವೇನು?’

‘ಇಲ್ರಿ ಸರ್. ಸಾಯಲ್ಲ.’

‘ಕಾಯ್ದೆ ಹೇಳಿದ ಕನಿಷ್ಠಕ್ಕಿಂತ ಕಡಿಮಿ ಅದ?’

‘ಅದಕ್ಕಿಂತ ಮ್ಯಾಲೇ ಅದ. ಖರೆ ಡಬ್ಬಿ ಮ್ಯಾಲ ಬರದಷ್ಟು ಇಲ್ಲ. ಐದ್ರಾಗ ಒಂದು ಪಾಲು ಕಮ್ಮಿ.’

‘ಬರದಷ್ಟು ಇಲ್ಲ.’ ಅವರು ಆ ಮಾತನ್ನು ಅಲ್ಲೇ ಬಿಟ್ಟರು. ‘ನೋಡ್ರಿ, ಗುರುವಾರ ಆಡಿಟ್ ಅದ. ಇವತ್ತು ಸರ್ಟಿಫಿಕೇಟ್ ವಾಪಸ್ ತಗೊಂಡ್ರ ಅವರು ಮೊದ್ಲು ಕೇಳೂದೇ, ಯಾಕ ಅಂತ. ವಾಪಸ್ ತಗೋಬ್ಯಾಡ್ರಿ ಅಂತ ನಾ ಅನ್ನಲ್ಲ, ಆ ಪಾಪ ನನಗ ಬ್ಯಾಡ. ತಗೊಳ್ಳೂದಾದ್ರ ಕಾರಣ ಬರೀರಿ: ಸಿಬ್ಬಂದಿ ತಪ್ಪು ನೀರು ತುಂಬಿದ್ರು, ಅವರನ್ನ ಕೆಲಸದಿಂದ ತಗದೀವಿ. ಮುಗೀತು. ರಶೀದಾಗ ನಾ ಬ್ಯಾರೆ ಕಡಿ ಹಚ್ಚಿ ಕೊಡ್ತೀನಿ, ನಮ್ಮ ಮಾವಂದು ದಾಲ್ ಮಿಲ್ ಅದ ಸೇಡಂದಾಗ. ನಿಮ್ಮ ಸಹಿ ಉಳೀತದ, ಲ್ಯಾಬೂ ಉಳೀತದ.’

ಅವಳಿಗೆ ಮೊದಲು ಅನ್ನಿಸಿದ್ದು ಸಮಾಧಾನ. ಅದನ್ನು ಅವಳು ಆಮೇಲೆ ಎಷ್ಟು ಸಲ ತಿರುವಿ ನೋಡಿದರೂ ಬೇರೆ ಹೆಸರು ಸಿಗಲಿಲ್ಲ. ವಾಡಿಯಿಂದ ಸೇಡಂ ಬಸ್ಸಿನಲ್ಲಿ ಎಷ್ಟು ಹೊತ್ತು, ದಾಲ್ ಮಿಲ್ಲಿನ ಧೂಳಿನಲ್ಲಿ ದಮ್ಮಿನ ಕಾಯಿಲೆಯ ರಶೀದಾ ಎಷ್ಟು ದಿನ ಇದ್ದಾಳು ಎಂಬುದೆಲ್ಲ ಅದರ ಹಿಂದೆ ಬಂದವು, ಸ್ವಲ್ಪ ತಡವಾಗಿ, ಕರೆದ ಮೇಲೆ ಬಂದವರ ಹಾಗೆ. ‘ಊಟ ಮಾಡಿ ಬಂದು ಹೇಳ್ತೀನ್ರಿ ಸರ್’ ಎಂದಳು.

ಮನೆಯಿದ್ದ ಕಾರ್ಖಾನೆಯ ಕ್ವಾರ್ಟರ್ಸಿಗೆ ಹತ್ತು ನಿಮಿಷದ ದಾರಿ. ಕಾಂಪೌಂಡಿನ ಬೇವಿನ ಎಲೆಗಳ ಮೇಲೆ ಬೂದು ಬಣ್ಣದ ಧೂಳು ಕೂತಿತ್ತು. ಅವಳು ಅದನ್ನು ನೋಡದೆ ನಡೆದಳು. ಐದರಲ್ಲಿ ಒಂದು ಪಾಲು. ಅಶೋಕಕುಮಾರರ ಮುಂದೆ ತಾನು ಆ ಲೆಕ್ಕ ಅಷ್ಟು ಸಲೀಸಾಗಿ ಹೇಳಿದ್ದು ಹೇಗೆ ಎಂದು ಈಗ ಹೊಳೆಯಿತು. ಅದು ಅವಳಿಗೆ ಹದಿನೇಳು ವರ್ಷದಿಂದ ಬಾಯಿಪಾಠವಾದ ಲೆಕ್ಕ. ಚೌಡೇಶನಿಗೆ ನಾಲ್ಕು ತಿಂಗಳು ತುಂಬಿದಾಗ ಅವಳಿಗೆ ಹಾಲು ಸಾಲದಾಯಿತು, ಮತ್ತೆ ಕೆಲಸಕ್ಕೆ ಬರಬೇಕೆಂದು ಕಾರ್ಖಾನೆಯ ಲ್ಯಾಬಿನಿಂದ ಕರೆಯೂ ಬಂತು. ಹೋಗದಿದ್ದರೆ ಆ ಜಾಗಕ್ಕೆ ಬೇರೆಯವರು. ಅತ್ತೆ ಯಂಕಮ್ಮನಿಗೆ ಡಬ್ಬಿಯ ಹಾಲು ಕಲಸುವುದನ್ನು ತೋರಿಸಿಕೊಟ್ಟಿದ್ದಳು: ಇಷ್ಟು ಕುದಿಸಿ ಆರಿಸಿದ ನೀರಿಗೆ ಐದು ಚಮಚ. ಎಂಟನೆಯ ದಿನವೋ ಹತ್ತನೆಯ ದಿನವೋ, ಟಿಫಿನ್ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತವಳು ಅತ್ತೆಯ ಕೈ ನೋಡಿದಳು. ಒಂದು, ಎರಡು, ಮೂರು, ನಾಲ್ಕು, ಮುಚ್ಚಳ. ಮರುದಿನವೂ ನಾಲ್ಕು. ಹೇಳಬೇಕಿತ್ತು. ಹೇಳಿದರೆ, ಹಾಗಾದರೆ ನಿನ್ನ ಕೂಸು ನೀನೇ ನೋಡಿಕೋ ಎಂಬ ಮಾತು ಬರುತ್ತಿತ್ತು, ಅದು ಬಂದರೆ ಕೆಲಸ ಹೋಗುತ್ತಿತ್ತು. ಅಂಗನವಾಡಿಯವರು ಕೊಟ್ಟ ಬೆಳವಣಿಗೆಯ ಕಾರ್ಡಿನಲ್ಲಿ ಕೂಸಿನ ತೂಕ ತಿಂಗಳು ತಿಂಗಳೂ ಹಸಿರು ಗೆರೆಯ ಕೆಳಗೆ ಹಳದಿಯಲ್ಲಿ ಕೂರುತ್ತಿತ್ತು. ಚಂದ್ರಕಲಾ ಆ ಕಾರ್ಡನ್ನು ಸೀರೆಗಳ ಕೆಳಗೆ ಇಟ್ಟಿದ್ದಳು. ಆಮೇಲೆ ಹುಡುಗ ರೊಟ್ಟಿ ತಿನ್ನತೊಡಗಿದ, ಓಡಾಡಿದ, ಬಿದ್ದ, ಎದ್ದ, ಏನೂ ಆಗಲಿಲ್ಲ. ಓರಗೆಯವರಿಗಿಂತ ಎರಡು ಬೆರಳು ಗಿಡ್ಡ, ಅದು ಅವರ ಮನೆತನದಲ್ಲೇ ಇತ್ತು. ಏನಾದರೂ ಆಗಿದ್ದರೆ ಎಂದೋ ಅತ್ತು ಮುಗಿಸುತ್ತಿದ್ದಳು. ಏನೂ ಆಗದ ಕಾರಣ ಅದು ಹಾಗೆಯೇ ಉಳಿದಿತ್ತು.

ಯಂಕಮ್ಮ ಪಡಸಾಲೆಯಲ್ಲಿ ಮೊರದ ತುಂಬ ತೊಗರಿಬೇಳೆ ಹಾಕಿಕೊಂಡು ಆರಿಸುತ್ತ ಕುಳಿತಿದ್ದಳು.

‘ಇಷ್ಟ್ಯಾಕ ಹೊತ್ತು ಮಾಡಿದಿ? ರೊಟ್ಟಿ ಕಟಿಗಿ ಆದ್ವು ನೋಡು. ಹಲ್ಲಿದ್ದವರು ತಿನ್ರಿ.’

‘ಕೆಲಸ ಇತ್ರಿ ಅತ್ತಿ.’

ತಟ್ಟೆ ಹಾಕಿಕೊಂಡು ಎದುರಿಗೆ ಕುಳಿತಳು. ಎರಡು ತುತ್ತು ಇಳಿಯಿತು. ಮೂರನೆಯದನ್ನು ಕೈಯಲ್ಲಿ ಹಿಡಿದೇ ಕೇಳಿದಳು. ‘ಅತ್ತಿ, ಚೌಡೇಶಗ ಡಬ್ಬಿ ಹಾಲು ಕಲಸ್ತಿದ್ರಲ್ಲ, ಎಷ್ಟು ಚಮಚ ಹಾಕ್ತಿದ್ರಿ?’

‘ನಾಕು.’

ಮುದುಕಿ ತಲೆಯನ್ನೂ ಎತ್ತಲಿಲ್ಲ. ಹದಿನೇಳು ವರ್ಷದ ಹಿಂದಿನದನ್ನು ಕೇಳಿದರೆ ಸ್ವಲ್ಪವಾದರೂ ಯೋಚಿಸಬೇಕಲ್ಲವೇ ಎಂದು ಚಂದ್ರಕಲಾಳಿಗೆ ಅನ್ನಿಸಿತು.

‘ಡಬ್ಬಿ ಮ್ಯಾಲ ಐದು ಅಂತ ಇತ್ತು.’

‘ಇತ್ತು. ನೀನೇ ತೋರಿಸಿದ್ದಿ. ಐದು ಹಾಕಿದ್ರ ಕೂಸಿನ ಹೊಟ್ಟಿ ಕಲ್ಲಾಗ್ತಿತ್ತು, ಕಾಲು ಮಡಚಿ ಅಳತಿತ್ತು. ನಾಕು ಹಾಕಿದೆ, ಸುಮ್ಮನ ಮಲಗ್ತು.’

‘ನನಗ ಗೊತ್ತಿತ್ರಿ, ನೀವು ನಾಕು ಹಾಕೂದು.’

‘ಗೊತ್ತಿರಲಾರದೇನು?’ ಯಂಕಮ್ಮ ಒಂದು ಕಲ್ಲು ಆರಿಸಿ ಪಕ್ಕಕ್ಕೆ ಹಾಕಿದಳು. ‘ಬಾಗಲದಾಗ ನಿಂತು ನೋಡ್ತಿದ್ದಿ. ನೋಡಿ ಚಪ್ಪಲ್ ಹಾಕ್ಕೊಂಡು ಹೋಗ್ತಿದ್ದಿ. ಓದಿದಾಕಿ, ನೋಡಿ ಸುಮ್ಮನ ಹೊಂಟಾಳಂದ್ರ ನಾಕೇ ಬರೋಬರಿ ಇರಬೇಕು ಅಂತ ನಾ ತಿಳ್ಕೊಂಡೆ. ನಿನಗ ತಪ್ಪು ಅನಸಿದ್ರ ಬಾಯಿ ಬಿಡ್ತಿದ್ದಿಲ್ಲೇನು?’

ಅದರಲ್ಲಿ ಚುಚ್ಚು ಇರಲಿಲ್ಲ. ಇದ್ದಿದ್ದರೆ ಚಂದ್ರಕಲಾ ಅದನ್ನು ಹಿಡಿದುಕೊಂಡು ಏನಾದರೂ ಅನ್ನಬಹುದಿತ್ತು. ಇಷ್ಟು ವರ್ಷ ಅವಳು ತಾನು ಸುಮ್ಮನಿದ್ದದ್ದನ್ನು ಒಂದು ಖಾಲಿ ಜಾಗವೆಂದುಕೊಂಡಿದ್ದಳು, ಹೇಳದೆ ಉಳಿದ ಮಾತು, ತನ್ನೊಳಗಿನದು, ತನಗಷ್ಟೇ ಸೇರಿದ್ದು. ಅದು ಎದುರಿಗೆ ಕೂತವಳ ಕೈಗೆ ಅಂದೇ ತಲುಪಿ, ಅವಳು ಅದನ್ನು ಓದಿಕೊಂಡು, ಅದರ ಪ್ರಕಾರ ತಿಂಗಳುಗಟ್ಟಲೆ ಹಾಲು ಕಲಸಿದ್ದಳು.

‘ಈಗ್ಯಾಕ ಕೇಳಾಕತ್ತಿ? ಹುಡುಗ ಗಟ್ಟಿ ಅದಾನಲ್ಲ.’

‘ಅದಾನ್ರಿ.’

‘ಹ್ಞಾಂ ಮತ್ತ. ಮಜ್ಜಿಗಿ ಹಾಕ್ಕೊ, ಒಣಾ ಒಣಾ ತಿನಬ್ಯಾಡ.’

ಲ್ಯಾಬಿನ ಮೆಟ್ಟಿಲಲ್ಲೇ ರಶೀದಾ ಸಿಕ್ಕಳು. ಚೀಲ ಹೆಗಲಿಗಿತ್ತು, ಹೊರಟವಳೋ ಬಂದವಳೋ ತಿಳಿಯಲಿಲ್ಲ. ‘ಸರ್ ಕರದು ಕೇಳಿದ್ರು, ಯಾರು ತುಂಬಿದ್ರು ಅಂತ. ನಾನೇ ಅಂದೆ’ ಎಂದಳು. ‘ನೀವು ಹ್ಞೂಂ ಅಂದದ್ದು ಹೇಳ್ಲಿಲ್ಲ ಮೇಡಂ. ಹೇಳಿದ್ರ ಅವರು ನಂಬೂದು ನಿಮ್ಮನ್ನ. ಸುಮ್ಮನ ಬಾಯಿ ಯಾಕ ನೋಯಿಸ್ಕೊಳ್ಳಿ?’

‘ಚೀಲ ಒಳಗ ಇಡು. ಭಟ್ಟಿ ಬಂದ್ ಮಾಡೀಯೇನು?’

‘ಮೂರಕ್ಕ ಅಂದಿದ್ರಿ. ಇನ್ನ ಹತ್ತು ನಿಮಿಷ ಅದ.’

ಬೂದಿ ಬಿಳಿಯಾಗಿತ್ತು. ಬ್ಯಾಟರಿ ನೀರಿನಲ್ಲಿ ಮೊದಲು ಬ್ಲ್ಯಾಂಕ್ ಮಾಡಿದಳು, ಅದನ್ನು ಬರೆದಳು, ಆಮೇಲೆ ಪುಡಿಯದು. ಹತ್ತು ಪಾಯಿಂಟ್ ನಾಲ್ಕು ಐದು. ಮುನ್ನೂರ ಮೂವತ್ತೈದು ಮಿಲಿಗ್ರಾಂ. ಇನ್ನೊಂದು ಮೂಸೆಯದೂ ಅಷ್ಟೇ ಬಂತು. ಎಲ್ಲೋ ಒಂದು ಮೂಲೆಯಲ್ಲಿ ಅವಳು ನಾನೂರ ಇಪ್ಪತ್ತು ಬರಲೆಂದು ಕಾದಿದ್ದಳು. ಬಂದಿದ್ದರೆ ಯಾರಿಗೂ ಯಾವ ಮಾತೂ ಬೇಕಾಗುತ್ತಿರಲಿಲ್ಲ. ಸರ್ಟಿಫಿಕೇಟ್ ಹಿಂಪಡೆಯುವ ನಮೂನೆಯನ್ನು ಲ್ಯಾಬಿನಲ್ಲಿ ಇದುವರೆಗೆ ಯಾರೂ ಬಳಸಿರಲಿಲ್ಲ, ಫೈಲಿನ ತಳದಿಂದ ತೆಗೆಯಬೇಕಾಯಿತು. ಕಾರಣ ಎಂಬಲ್ಲಿ ಎರಡೇ ಗೆರೆ ಜಾಗವಿತ್ತು. ಅವಳು ಬರೆದಳು: ನಾನು ಬ್ಲ್ಯಾಂಕ್ ಮಾಡಲಿಲ್ಲ. ಮಾಡಿದಂತೆ ಅಂಕಿ ಬರೆದೆ. ಫಿಲ್ಟರ್ ನೀರು ತುಂಬಲು ನನ್ನನ್ನು ಕೇಳಲಾಗಿತ್ತು, ನಾನು ಒಪ್ಪಿದ್ದೆ. ಮೂರನೆಯ ವಾಕ್ಯ ಗೆರೆ ದಾಟಿ ಕೆಳಗಿಳಿಯಿತು. ಆ ಒಪ್ಪಿಗೆ ಈಗಲೂ ಅವಳಿಗೆ ನೆನಪಿರಲಿಲ್ಲ. ನೆನಪಿಲ್ಲದ್ದಕ್ಕೂ ಸಹಿ ಹಾಕಿದಳು.

ಅಶೋಕಕುಮಾರ ಅದನ್ನು ಎರಡು ಸಲ ಓದಿದರು. ‘ತಪ್ಪು ನೀರು ಅಂತ ಬರೀರಿ ಅಂದ್ರ ನೀವು ಸುಳ್ಳು ಬರದೀನಿ ಅಂತ ಬರಕೊಟ್ರಿ. ಆಡಿಟ್‌ನವರು ಇದು ನೋಡಿದ್ರ ನಿಮ್ಮ ಸಹಿ ಅವತ್ತೇ ಹೋಗ್ತದ. ಗೊತ್ತದಲ್ಲ?’

‘ಗೊತ್ತದರಿ.’

‘ಹಳೀ ಸರ್ಟಿಫಿಕೇಟ್ ಎಲ್ಲಾ ತಗೀರಿ ಅಂತಾರ. ಆರು ತಿಂಗಳಿಂದು.’

‘ತಗ್ಯೂದೇ ಛಲೋರಿ ಸರ್. ಬ್ಯಾರೇವೂ ಇರಬಹುದು.’

ಅವರು ನಮೂನೆಯನ್ನು ಅವಳ ಕಡೆ ಸರಿಸಿದರು. ‘ಹಾಲಿನ ಪುಡಿ ಕಂಪನಿಗಿ ಫೋನ್ ನೀವೇ ಮಾಡ್ರಿ. ನನ್ನ ಕೈಲಿ ಆಗಲ್ಲ’ ಎಂದರು. ಸಿಟ್ಟಿಗಿಂತ ದಣಿವೇ ಹೆಚ್ಚಿತ್ತು ಅದರಲ್ಲಿ.

ಹೊರಗೆ ಬಂದಾಗ ಹಗುರವೆನಿಸುತ್ತದೆ ಎಂದುಕೊಂಡಿದ್ದಳು. ಹಾಗೇನೂ ಆಗಲಿಲ್ಲ. ಅಂಬರೇಶನಿಗೆ ಹೇಗೆ ಹೇಳುವುದು, ಅವನು ಪ್ಯಾಕಿಂಗಿನವರಿಗೆ ಹೇಗೆ ಹೇಳುತ್ತಾನೆ ಎಂಬುದೇ ತಲೆಯಲ್ಲಿ ಓಡುತ್ತಿತ್ತು. ಮಧ್ಯಾಹ್ನ ಅತ್ತೆ ಬೇಳೆ ಆರಿಸದೆ ಮಲಗಿದ್ದರೆ ತಾನು ಏನು ಬರೆಯುತ್ತಿದ್ದೆ ಎಂದೂ ಒಮ್ಮೆ ಯೋಚನೆ ಬಂತು. ಉತ್ತರ ಗೊತ್ತಿತ್ತು, ಅದಕ್ಕೇ ಬೇಗನೆ ನಂಬರು ಒತ್ತಿದಳು.

ಕಂಪನಿಯಲ್ಲಿ ಗುಣಮಟ್ಟದ ಕಾಗದ ನೋಡುವವನು ಅದ್ನಾನ್ ಎಂಬಾತ, ಚಿಂಚೋಳಿಯವನು. ಹೈದರಾಬಾದಿನಲ್ಲಿ ಕೂತಿದ್ದರೂ ಅವಳೊಂದಿಗೆ ಕನ್ನಡದಲ್ಲೇ ಮಾತಾಡುತ್ತಿದ್ದ. ಅವಳು ಬ್ಯಾಚಿನ ನಂಬರು ಹೇಳಿದಳು, ಹಳೆಯ ಅಂಕಿ ಹೇಳಿದಳು, ಹೊಸದನ್ನು ಹೇಳಿದಳು. ತಾನು ಮಾಡದ ಪರೀಕ್ಷೆಯನ್ನು ಮಾಡಿದ್ದೇನೆಂದು ಬರೆದಿದ್ದೆ ಎಂದೂ ಹೇಳಿದಳು. ಎರಡನೆಯ ಸಲ ಅದು ಮೊದಲಿನದಕ್ಕಿಂತ ಸುಲಭವಾಗೇನೂ ಇರಲಿಲ್ಲ.

ಆ ಕಡೆ ಟೈಪ್ ಮಾಡುವ ಸದ್ದು ಕೇಳಿತು.

‘ಮೇಡಂ, ನಿಮ್ಮ ಸರ್ಟಿಫಿಕೇಟ್ ಬಂದ ದಿನಾನೇ ಮಾಲು ಹೊಂಟುಹೋಗ್ಯದ. ಅದಕ್ಕೇ ಕಾಯಾಕತ್ತಿದ್ವಿ ನಾವು.’

‘ನಿಲ್ಲಸಾಕ ಬರ್ತದೇನ್ರಿ?’

‘ನೀವು ಮೇಲ್ ಹಾಕ್ರಿ, ನಾ ನಮ್ಮ ಸಾಬರಿಗಿ ತೋರಸ್ತೀನಿ. ಅಂಗಡಿಗೋಳಿಗಿ ಫೋನ್ ಮಾಡಸ್ಬೇಕು. ಮಾರಿದ್ದು ಮಾರಿದ್ದೇ ಮತ್ತ, ಅದಕ್ಕ ಏನ್ ಮಾಡಾಕ ಬರ್ತದ?’

‘ಎಲ್ಲೆಲ್ಲಿ ಹೋಗ್ಯಾವ ಹೇಳ್ರಿ.’

‘ಯಾಕ್ರಿ? ನೀವು ಹೋಗಿ ತರ್ತೀರೇನು?’ ಅವನು ನಕ್ಕ. ಅವಳು ನಗಲಿಲ್ಲ, ಫೋನನ್ನೂ ಇಡಲಿಲ್ಲ. ಅವನು ಪಟ್ಟಿ ಓದತೊಡಗಿದ. ತಾಂಡೂರು, ಮೂವತ್ತು ಪೆಟ್ಟಿಗೆ. ಹುಮನಾಬಾದ್, ಇಪ್ಪತ್ತು. ಚಿಂಚೋಳಿ ಬಸ್‌ಸ್ಟ್ಯಾಂಡ್ ಮೆಡಿಕಲ್, ನಾಲ್ಕು. ಸೇಡಂ, ಎರಡು ಅಂಗಡಿ, ಒಂಬತ್ತು. ಕುರಕುಂಟಾ, ಒಂದು. ಚಿತ್ತಾಪುರ, ಮೂರು. ಅವಳು ಕೈಗೆ ಸಿಕ್ಕ ಹಾಳೆಯ ಮೇಲೆ ಒಂದರ ಕೆಳಗೊಂದು ಬರೆದುಕೊಳ್ಳುತ್ತಿದ್ದಳು. ಒಂದು ಪೆಟ್ಟಿಗೆಗೆ ಹನ್ನೆರಡು ಡಬ್ಬಿ. ಕುರಕುಂಟಾದಲ್ಲಿ ಹನ್ನೆರಡು ಮನೆ ಎಂದರೆ ಒಂದು ಓಣಿ. ವಾಡಿ, ಸ್ಟೇಶನ್ ರೋಡು, ಎರಡು.

‘ಇನ್ನ ಭಾಳ ಊರು ಅವರಿ ಮೇಡಂ’ ಎಂದ ಅದ್ನಾನ್. ‘ಇಷ್ಟ ಸಾಕೇನು?’

‘ಇಲ್ರಿ’ ಎಂದಳು ಚಂದ್ರಕಲಾ. ‘ಎಲ್ಲಾ ಓದ್ರಿ. ಬರಕೊಳ್ಳಾಕತ್ತೀನಿ.’